ಟ್ರಯಾಂಗಲ್ ಕಾರ್ಖಾನೆಯ ಅಗ್ನಿದುರಂತ ಮತ್ತು ಅದರ ಸ್ಮಾರಕ

ಸ್ಮಾರಕಗಳು ಸಾಮಾನ್ಯವಾಗಿ ಗೆದ್ದವರ ಇಲ್ಲವೆ ಆಳಿದವರ ನೆನಪಿಗಾಗಿ ಏಳುತ್ತವೆ. ದುಡಿಯುವ ಸ್ಥಳದಲ್ಲಿಯೇ ಪ್ರಾಣ ನೀಗಿದ ಕೂಲಿಕಾರರಿಗೆ ನಗರದ ನಡುವೆ ಸ್ಮಾರಕ ದೊರೆಯುವುದು ವಿರಳ. ನ್ಯೂಯಾರ್ಕಿನ ಟ್ರಯಾಂಗಲ್ ಸ್ಮಾರಕವು ಅಂತಹ ವಿರಳವಾದವುಗಳಲ್ಲಿ ಒಂದು. ದುರಂತ ನಡೆದು ೧೧೨ ವರ್ಷಗಳಾದ ಮೇಲೆ ಲೋಕಾರ್ಪಣೆಗೊಂಡ ಅದರ ಹಿನ್ನೆಲೆಯನ್ನೂ ರೂಪವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಿದೆ.

೧೯೧೧ನೆಯ ಮಾರ್ಚ್ ೨೫, ಶನಿವಾರ. ಹತ್ತು ಅಂತಸ್ತಿನ ಆಶ್ ಕಟ್ಟಡದ ಮೇಲಣ ಮೂರು ಅಂತಸ್ತುಗಳಲ್ಲಿ ಸ್ತ್ರೀಯರ ಮೇಲಂಗಿಗಳನ್ನು ಹೊಲಿಯುವ ಟ್ರಯಾಂಗಲ್ ಕಾರ್ಖಾನೆಯಿತ್ತು. ಅಂದು ಕೆಲಸ ಮುಗಿಯುವ ಹೊತ್ತಿಗೆ, ಎಂಟನೆಯ ಅಂತಸ್ತಿನಲ್ಲಿ ಬಟ್ಟೆಯ ಚೂರುಗಳಿಗೆ ಬೆಂಕಿ ಹತ್ತಿತು. ಹತ್ತನೆಯ ಅಂತಸ್ತಿಗೆ ದೂರವಾಣಿಯ ಮೂಲಕ ಸುದ್ದಿ ಮುಟ್ಟಿತು, ಒಂಬತ್ತನೆಯದಕ್ಕೆ ಮುಟ್ಟಲಿಲ್ಲ. ಅಲ್ಲಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗೋಡೆಯ ಕಬ್ಬಿಣದ ಮೆಟ್ಟಿಲು ಭಾರ ತಾಳದೆ ಕುಸಿಯಿತು. ಅಗ್ನಿಶಾಮಕ ದಳದ ಏಣಿಗಳು ಆರನೆಯ ಅಂತಸ್ತಿನವರೆಗೆ ಮಾತ್ರ ಎಟುಕಿದವು. ಅನೇಕರು ಕಿಟಕಿಗಳಿಂದ ಧುಮುಕಿದರು. ಮಡಿದವರು ೧೪೬ ಮಂದಿ: ೧೨೩ ಸ್ತ್ರೀಯರು, ೨೩ ಪುರುಷರು. ಇವರಲ್ಲಿ ಬಹುಮಂದಿ ಯೆಹೂದಿ ಮತ್ತು ಇಟಾಲಿಯನ್ ವಲಸೆಗಾರರು. ಹಲವರು ಇನ್ನೂ ಹದಿಹರೆಯದವರು.

ಬಾಗಿಲಿಗೆ ಬೀಗವಿದ್ದುದು ಮಾಲಿಕರಿಗೆ ತಿಳಿದಿತ್ತೇ ಎಂಬುದೇ ನ್ಯಾಯಾಲಯದಲ್ಲಿ ಮುಖ್ಯ ಪ್ರಶ್ನೆಯಾಯಿತು. ೧೯೧೧ರ ಡಿಸೆಂಬರಿನಲ್ಲಿ ಇಬ್ಬರು ಮಾಲಿಕರೂ ಖುಲಾಸೆ ಹೊಂದಿದರು. ೧೯೧೪ರಲ್ಲಿ ದಾವೆ ಹೂಡಿದ್ದ ಕೆಲವು ಕುಟುಂಬಗಳಿಗೆ ಜೀವವೊಂದಕ್ಕೆ ೭೫ ಡಾಲರಿನಂತೆ ಪರಿಹಾರ ಸಂದಿತು. ಆದರೆ ಈ ದುರಂತದ ಫಲವಾಗಿಯೇ ನೇಮಕವಾದ ರಾಜ್ಯದ ವಿಚಾರಣಾ ಆಯೋಗದಿಂದ, ಕಾರ್ಮಿಕರ ರಕ್ಷಣೆಗಾಗಿ ಮೂವತ್ತಕ್ಕೂ ಹೆಚ್ಚು ಕಾಯಿದೆಗಳು ಹೊರಬಂದವು. ಅಂದು ಬೀದಿಯಲ್ಲಿ ನಿಂತು ಈ ದೃಶ್ಯವನ್ನು ಕಂಡ ಫ್ರಾನ್ಸಿಸ್ ಪರ್ಕಿನ್ಸ್ ೧೯೩೩ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಬೆಂಕಿಯನ್ನು ತಾಳುವಂತೆ ಕಟ್ಟಿದ್ದ ಆ ಕಟ್ಟಡವು ಉಳಿದುಕೊಂಡಿತು. ಒಳಗಿದ್ದ ಜನ ಉಳಿಯಲಿಲ್ಲ. ಇಂದು ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದ ಆ ಗೋಡೆಗಳನ್ನು ಕಂಡು ದಾರಿಹೋಕನಿಗೆ ಏನೂ ತಿಳಿಯುವಂತಿರಲಿಲ್ಲ. ಕೆಲವು ಫಲಕಗಳಷ್ಟೇ ಘಟನೆಯನ್ನು ಸೂಚಿಸುತ್ತಿದ್ದವು. ೨೦೦೪ರಿಂದ ಮಾತ್ರ ಸ್ವಯಂಸೇವಕರು ವರ್ಷಕ್ಕೊಮ್ಮೆ ಮೃತರು ವಾಸಿಸುತ್ತಿದ್ದ ಮನೆಗಳ ಮುಂದೆ ಅವರ ಹೆಸರುಗಳನ್ನು ಸೀಮೆಸುಣ್ಣದಿಂದ ಬರೆಯತೊಡಗಿದರು. ಮಳೆಗೆ ಅಳಿದ ಬರಹವನ್ನು ಮರುವರ್ಷ ಮತ್ತೆ ಬರೆಯುವರು.

ಸ್ಥಿರವಾದ ಸ್ಮಾರಕಕ್ಕೆ ಹೆಸರುಗಳೇ ತೊಡಕಾಗಿದ್ದವು. ಗುರುತು ಸಿಗದ ಆರು ಮಂದಿಯನ್ನು ೧೯೧೧ರಲ್ಲಿ ಬ್ರೂಕ್ಲಿನ್ನಿನ ಎವರ್‌ಗ್ರೀನ್ಸ್ ಸ್ಮಶಾನದಲ್ಲಿ ಹೂಳಲಾಗಿತ್ತು. ಸಂಶೋಧಕ ಮೈಕೇಲ್ ಹರ್ಷ್ ಅವರ ಪರಿಶ್ರಮದಿಂದ ಆ ಆರು ಹೆಸರುಗಳು ೨೦೧೧ರಲ್ಲಿ, ಎಂದರೆ ಶತಮಾನದ ವರ್ಷದಲ್ಲಿ, ಬೆಳಕಿಗೆ ಬಂದವು, ಪಟ್ಟಿ ಪೂರ್ಣವಾಯಿತು. ೨೦೧೩ರ ವಿನ್ಯಾಸಸ್ಪರ್ಧೆಯಲ್ಲಿ ರಿಚರ್ಡ್ ಜೂನ್ ಯೂ ಮತ್ತು ಊರಿ ವೆಗ್‌ಮನ್ ಅವರ ಕೃತಿ ಗೆದ್ದಿತು. ರಾಜ್ಯಸರ್ಕಾರವು ೨೦೧೫ರಲ್ಲಿ ೧೫ ಲಕ್ಷ ಡಾಲರುಗಳ ನೆರವನ್ನು ಘೋಷಿಸಿತು. ೨೦೨೩ರ ಅಕ್ಟೋಬರ್ ೧೧ರಂದು ಸ್ಮಾರಕದ ಲೋಕಾರ್ಪಣೆ ನಡೆಯಿತು.

ವಿನ್ಯಾಸದಂತೆ, ತುಕ್ಕು ಹಿಡಿಯದ ಉಕ್ಕಿನ ಪಟ್ಟಿಯೊಂದು ಒಂಬತ್ತನೆಯ ಅಂತಸ್ತಿನಿಂದ ಕಟ್ಟಡದ ಮೂಲೆಯಲ್ಲಿ ಕೆಳಗಿಳಿದು, ನೆಲದಿಂದ ಸುಮಾರು ಹನ್ನೆರಡು ಅಡಿ ಎತ್ತರದಲ್ಲಿ ಕವಲೊಡೆದು ಎರಡು ಗೋಡೆಗಳ ಉದ್ದಕ್ಕೂ ಹರಿಯುತ್ತದೆ. ಹೆಸರುಗಳನ್ನು ಅದರ ಮೇಲೆ ಕೆತ್ತಿಲ್ಲ. ಆಕಾಶ ಕಾಣುವಂತೆ ತೂತಾಗಿ ಕೊರೆದಿದೆ. ಕೆಳಗೆ ಸೊಂಟದೆತ್ತರದಲ್ಲಿರುವ ಕಪ್ಪು ಫಲಕದಲ್ಲಿ ಅವು ಪ್ರತಿಬಿಂಬಿಸುತ್ತವೆ. ಓದಲು ಬಂದವನು ತಲೆ ಬಾಗಿಸಬೇಕು. ಬಾಗಿಸಿದರೆ ಕಾಣುವುದು ಮೇಲಣ ಎತ್ತರ. ೨೦೧೯ರಲ್ಲಿ ನೂರಾರು ಜನ ತಂದ ಬಟ್ಟೆಯ ತುಂಡುಗಳನ್ನು ಹೊಲಿದು ಮಾಡಿದ ಮುನ್ನೂರು ಅಡಿ ಉದ್ದದ ಪಟ್ಟಿಯ ವಿನ್ಯಾಸವೂ ಉಕ್ಕಿನ ಮೇಲೆ ಮೂಡಿದೆ. ಹೊಲಿಗೆಯವರ ಸ್ಮಾರಕಕ್ಕೆ ಇದು ಉಚಿತವೇ ಆಗಿದೆ.

ಕಾಯಿದೆಗಳು ಕೆಲವೇ ವರ್ಷಗಳಲ್ಲಿ ಬಂದವು, ಸ್ಮಾರಕವು ಶತಮಾನ ಕಳೆದ ಮೇಲೆ ಬಂದಿತು. ಕಾಯಿದೆ ಮುಂದೆ ದುಡಿಯುವವರನ್ನು ಕಾಯಬಲ್ಲದು. ಮಡಿದವರು ಯಾರೆಂಬುದನ್ನು ಅದು ಹೇಳಲಾರದು. ಆ ಕೆಲಸ ಹಳೆಯ ದಾಖಲೆಗಳನ್ನು ತಾಳ್ಮೆಯಿಂದ ಶೋಧಿಸುವವರದು. ಆರು ಹೆಸರುಗಳು ದೊರೆಯದಿದ್ದರೆ ಉಕ್ಕಿನ ಪಟ್ಟಿಯಲ್ಲಿ ಆರು ಸ್ಥಾನಗಳು ಕೊರೆಯದೆಯೇ ಉಳಿಯುತ್ತಿದ್ದವು.