ಹಳೆಯ ಕಾರಿಗೆ ಹೊಸ ದನಿ

ಅರುವತ್ತು ವರ್ಷಗಳ ಹಿಂದಿನ ಮೋಟಾರು ಕಾರನ್ನು ಅಕ್ಕರೆಯಿಂದ ಕಾಪಾಡುವವರು ಲೋಕದಲ್ಲಿ ಅನೇಕರಿದ್ದಾರೆ. ಸವೆದ ಎಂಜಿನನ್ನು ಸರಿಪಡಿಸಬಹುದು. ಮಾಸಿದ ಬಣ್ಣವನ್ನು ಮತ್ತೆ ಬಳಿಯಬಹುದು. ಆದರೆ ಆ ಕಾರಿನ ರೇಡಿಯೋ, ತಾನು ಕೆಡದಿದ್ದರೂ ಮೂಕವಾಗಬಹುದು. ಅದು ಆಲಿಸುತ್ತಿದ್ದ ಪ್ರಸಾರವೇ ನಿಂತುಹೋಗಬಹುದು. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ ಬಾನುಲಿಯು 2015ರ ಕೊನೆಯಲ್ಲಿ ಮಧ್ಯಮ ತರಂಗದ ಪ್ರಸಾರವನ್ನು ಮುಗಿಸಿತು. ಇಂತಿರಲು ಹಳೆಯ ಕಾರಿನಲ್ಲಿ ಹೊಸ ರೇಡಿಯೋವನ್ನು ಕೂರಿಸುವ ಆಸೆ ಸಹಜವಾದುದು. ಅದು ನಾಲ್ಕು ತಿರುಪುಗಳ ಕೆಲಸವೆಂದು ತೋರಿದರೂ, ಅದರಲ್ಲಿ ವಿದ್ಯುತ್ತಿನ ಹಲವು ಪಾಠಗಳು ಅಡಗಿವೆ.

1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಂಸ್ಥೆಯು 'ಮೋಟೊರೋಲ' ಎಂಬ ಕಾರು ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ರೇಡಿಯೋಗಳ ಜೀವಾಳವೆಂದರೆ ನಿರ್ವಾತ ನಳಿಗೆಗಳು. ಅವುಗಳಿಗೆ ನೂರಕ್ಕೂ ಮಿಕ್ಕ ವೋಲ್ಟುಗಳು ಬೇಕು. ಕಾರಿನ ಬ್ಯಾಟರಿಯಲ್ಲಿರುವುದೋ 6 ಅಥವಾ 12 ವೋಲ್ಟು. ಈ ಅಂತರವನ್ನು ತುಂಬಲು ಮುಂದೆ 'ಕಂಪಕ' ಎಂಬ ಸಾಧನವು ಬಳಕೆಗೆ ಬಂದಿತು. ಅದರಲ್ಲಿ ಉಕ್ಕಿನ ನಾಲಗೆಯೊಂದು ಸೆಕೆಂಡಿಗೆ ಸುಮಾರು ನೂರು ಸಲ ಕಂಪಿಸಿ, ಏಕಮುಖ ಪ್ರವಾಹವನ್ನು ಕತ್ತರಿಸಿ ಪರಿವರ್ತಕಕ್ಕೆ ಉಣಿಸುತ್ತಿತ್ತು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1955ರಲ್ಲಿ ಫಿಲ್ಕೋ ಮತ್ತು ಕ್ರೈಸ್ಲರ್ ಸಂಸ್ಥೆಗಳು ನಳಿಗೆಯೇ ಇಲ್ಲದ ಕಾರು ರೇಡಿಯೋವನ್ನು ಪ್ರಕಟಿಸಿದವು. ಟ್ರಾನ್ಸಿಸ್ಟರಿಗೆ ಬ್ಯಾಟರಿಯ 12 ವೋಲ್ಟೇ ಸಾಕು. ಆದುದರಿಂದ ಕಂಪಕದ ಗುಂಯ್‌ಗುಟ್ಟುವಿಕೆಯೂ ನಿಂತಿತು.

ಈಗ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 1948ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಮಾರಿಸ್ ಮೈನರ್ ಎಂಬ ಪುಟ್ಟ ಕಾರು, ನಮ್ಮ ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನ ದಾಯಾದಿ. ಅದರ ಬ್ಯಾಟರಿಯ ಧನಧ್ರುವವನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಇಂದಿನ ರೇಡಿಯೋಗಳಲ್ಲಾದರೋ ಹೊರಪೆಟ್ಟಿಗೆಯೂ ಆಕಾಶತಂತಿಯ ಹೊದಿಕೆಯೂ ಋಣಧ್ರುವಕ್ಕೆ ಸೇರಿರುತ್ತವೆ. ಕೆಂಪು ತಂತಿಯನ್ನು ಕಾರಿನ ಮೈಗೂ ಕಪ್ಪು ತಂತಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಜೋಡಿಸಿದರೆ ಸಾಲದೆ, ಎಂದು ನಾವು ಕೇಳಬಹುದು. ಸಾಲದು. ರೇಡಿಯೋದ ಪೆಟ್ಟಿಗೆಯು ಕಾರಿನ ಲೋಹಕ್ಕೆ ತಗುಲಿದ ಕ್ಷಣವೇ ಬ್ಯಾಟರಿಯ ಎರಡು ಧ್ರುವಗಳೂ ಕೂಡಿಕೊಳ್ಳುತ್ತವೆ. ರೇಡಿಯೋದ ಫ್ಯೂಸು ಇರುವುದು ಕೆಂಪು ತಂತಿಯಲ್ಲಿ. ಈ ಮಹಾಪ್ರವಾಹ ಹರಿಯುವುದು ಕಪ್ಪು ತಂತಿಯಲ್ಲಿ. ಹೀಗಾಗಿ ಕಾವಲುಗಾರನು ಒಂದು ಬಾಗಿಲಲ್ಲಿ ಕುಳಿತಿರಲು ಕಳ್ಳನು ಇನ್ನೊಂದು ಬಾಗಿಲಿನಿಂದ ನುಗ್ಗಿದಂತಾಗುತ್ತದೆ. ತಂತಿ ಕಾದು ಕಾರಿಗೇ ಬೆಂಕಿ ತಗುಲಬಹುದು.

ಪರಿಹಾರಗಳು ಎರಡು. ಒಂದು, ಒಳಬರುವ ಮತ್ತು ಹೊರಹೋಗುವ ಮಂಡಲಗಳ ನಡುವೆ ವಿದ್ಯುತ್ ಸಂಪರ್ಕವಿಲ್ಲದ ಪರಿವರ್ತಕವನ್ನು ಬಳಸುವುದು. ಇನ್ನೊಂದು, ಇಡೀ ಕಾರಿನ ಧ್ರುವಗಳನ್ನೇ ಅದಲುಬದಲು ಮಾಡುವುದು. ಆಗ ಬ್ಯಾಟರಿಯ ತಂತಿಗಳನ್ನೂ ಕಿಡಿ ಸುರುಳಿಯ ತಂತಿಗಳನ್ನೂ ಬದಲಿಸಿ, ಡೈನಮೋದ ಕ್ಷೇತ್ರ ಸುರುಳಿಯಲ್ಲಿ ಹೊಸ ದಿಕ್ಕಿನ ಪ್ರವಾಹವನ್ನು ಕ್ಷಣಕಾಲ ಹರಿಸಿ, ಅದರ ಉಳಿಕೆಯ ಕಾಂತತ್ವವನ್ನು ತಿರುಗಿಸಬೇಕು. ಎಂಜಿನನ್ನು ಚಾಲೂ ಮಾಡುವ ಮೋಟಾರು ಮಾತ್ರ ಮೊದಲಿನ ದಿಕ್ಕಿನಲ್ಲೇ ಸುತ್ತುತ್ತದೆ. ಅದರ ಕ್ಷೇತ್ರದಲ್ಲಿಯೂ ಸುತ್ತುವ ಸುರುಳಿಯಲ್ಲಿಯೂ ಪ್ರವಾಹವು ಒಟ್ಟಿಗೇ ತಿರುಗುವುದರಿಂದ ಬಲದ ದಿಕ್ಕು ಬದಲಾಗದು.

ಇನ್ನು ಶಕ್ತಿಯ ಲೆಕ್ಕ. ಹೊಸ ರೇಡಿಯೋದ ಪೆಟ್ಟಿಗೆಯ ಮೇಲೆ ನಾಲ್ಕು ಧ್ವನಿವರ್ಧಕಗಳಿಗೆ ತಲಾ 50 ವಾಟೆಂದು ಅಚ್ಚಾಗಿರುವುದುಂಟು. ಅದು ಕ್ಷಣಿಕ ಶಿಖರದ ಮಾತು. 12 ವೋಲ್ಟಿನ ಶಿಖರವುಳ್ಳ ಅಲೆಯ ಪರಿಣಾಮಕಾರಿ ವೋಲ್ಟತೆ ಸುಮಾರು 8.5. ಅದರ ವರ್ಗವನ್ನು ಧ್ವನಿವರ್ಧಕದ 4 ಓಮಿನಿಂದ ಭಾಗಿಸಿದರೆ ಸುಮಾರು 18 ವಾಟು ದೊರೆಯುತ್ತದೆ. ನಾಲ್ಕಕ್ಕೆ 72 ವಾಟು. ಶಾಖವಾಗಿ ಪೋಲಾಗುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಸುಮಾರು 10 ಆಂಪಿಯರ್ ಬೇಕಾದೀತು. ತಲಾ 45 ವಾಟಿನ ಎರಡು ತಲೆದೀಪಗಳಿಗೆ 7.5 ಆಂಪಿಯರ್. ಅಂದಿನ ಲ್ಯೂಕಾಸ್ ಸಿ-40 ಡೈನಮೋ ಕೊಡಬಲ್ಲುದು ಹೆಚ್ಚೆಂದರೆ 22 ಆಂಪಿಯರ್. ಎಂಜಿನು ಮಂದವಾಗಿ ಓಡುತ್ತಿರುವಾಗಲಂತೂ ಬಹಳ ಕಡಿಮೆ. ಮಳೆಯ ರಾತ್ರಿಯಲ್ಲಿ ನಿಂತ ಕಾರಿನಲ್ಲಿ ಅಬ್ಬರದ ಸಂಗೀತವನ್ನು ಕೇಳಬಯಸುವವರು ಕೊನೆಗೆ ಕಾರನ್ನು ತಳ್ಳಬೇಕಾದೀತು!

ಧ್ವನಿವರ್ಧಕದ ಜೋಡಣೆಯಲ್ಲಿಯೂ ಎಚ್ಚರ ಅಗತ್ಯ. ಹಳೆಯ ಕಾರಿನ ಒಂಟಿ ಧ್ವನಿವರ್ಧಕದ ಒಂದು ತುದಿಯನ್ನು ಹಲವು ವೇಳೆ ಕಾರಿನ ಮೈಗೆ ಸೇರಿಸಿರುತ್ತಾರೆ. ಹೊಸ ವರ್ಧಕವು ಎರಡೂ ತುದಿಗಳನ್ನು ವಿರುದ್ಧ ದಿಕ್ಕುಗಳಲ್ಲಿ ಚಾಲಿಸುವುದರಿಂದ ಹಾಗೆ ಮಾಡಿದರೆ ಅದು ಕೆಡುವುದು. ಎಡಬಲಗಳ ತಂತಿಗಳನ್ನು ಒಂದಾಗಿ ಹೊಸೆಯುವುದೂ ತಪ್ಪು. ಎರಡು ಸುರುಳಿಗಳುಳ್ಳ ಒಂದೇ ಧ್ವನಿವರ್ಧಕವನ್ನು ಇಡುವುದು ಯುಕ್ತ.

ಕೊನೆಯದು ಔಚಿತ್ಯದ ಪ್ರಶ್ನೆ. ಇಂದಿನ ರೇಡಿಯೋದ ಪ್ರಮಾಣಿತ ಮುಖವು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ್ದು. ಅದಕ್ಕಾಗಿ ಹಳೆಯ ಮುಂಫಲಕವನ್ನು ಗರಗಸದಿಂದ ಕೊಯ್ದರೆ ಆ ಗಾಯವು ಮಾಯುವಂತಹುದಲ್ಲ. ಆದಕಾರಣ ಕುಶಲಕರ್ಮಿಗಳು ಹಳೆಯ ರೇಡಿಯೋದ ಪೆಟ್ಟಿಗೆ, ಗುಂಡಿ, ಮುಳ್ಳುಗಳನ್ನು ಹಾಗೆಯೇ ಉಳಿಸಿ, ಒಳಗೆ ಮಾತ್ರ ಹೊಸ ಮಂಡಲವನ್ನು ಕೂರಿಸುತ್ತಾರೆ. ತೆಗೆದ ಭಾಗಗಳನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಮುಂದಿನವರು ಬಯಸಿದರೆ ಮೊದಲಿನ ಸ್ಥಿತಿಗೆ ಮರಳಿಸಲು ಸಾಧ್ಯವಾಗುವಂತೆ ಮಾಡಿದ ಬದಲಾವಣೆಯೇ ಉತ್ತಮವಾದುದು. ನಮ್ಮ ಕಿವಿಗೆ ಹೊಸ ದನಿ ಬೇಕು, ನಿಜ. ಅದಕ್ಕಾಗಿ ಹಳೆಯ ಕೈಗಳ ಕೌಶಲವನ್ನು ಅಳಿಸಬೇಕಾಗಿಲ್ಲ.