ಹಣವೋ, ನಿರ್ವಹಣೆಯೋ? ಫುಟ್‌ಬಾಲ್ ಕ್ಲಬ್ಬುಗಳ ಲೆಕ್ಕಪುಸ್ತಕ ಹೇಳುವ ಮಾತು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾದತ್ತ ಸಾಗುವವರಿಗೆ ಒಣದ್ರಾಕ್ಷಿಯ ಶೆಡ್ಡುಗಳು ಹೊಸ ನೋಟವಲ್ಲ. ಒಂದೇ ಸೀಮೆಯ ದ್ರಾಕ್ಷಿ, ಒಂದೇ ಅಳತೆಯ ಶೆಡ್ಡು, ಒಂದೇ ಬಿಸಿಲು. ಆದರೂ ಒಬ್ಬರ ಮಾಲಿಗೆ ಸಿಗುವ ದರ ಇನ್ನೊಬ್ಬರ ಮಾಲಿಗೆ ಸಿಗುವುದಿಲ್ಲ. ವ್ಯತ್ಯಾಸ ಹೂಡಿದ ಬಂಡವಾಳದ್ದೋ, ನಡೆಸುವವರ ಕೈಗುಣದ್ದೋ ಎಂಬ ಚರ್ಚೆ ವ್ಯಾಪಾರಿಗಳ ನಡುವೆ ಎಂದಿಗೂ ಮುಗಿಯುವುದಿಲ್ಲ. ಏಕೆಂದರೆ ಯಾರೂ ಪರರ ಲೆಕ್ಕಪುಸ್ತಕವನ್ನು ನೋಡಲಾರರು.

ಈ ಪ್ರಶ್ನೆಯನ್ನು ಅಂಕಿಗಳ ಸಹಿತ ಪರೀಕ್ಷಿಸಬಹುದಾದ ಒಂದು ಉದ್ಯಮವಿದೆ. ಅದು ವೃತ್ತಿಪರ ಫುಟ್‌ಬಾಲ್. ಇಂಗ್ಲೆಂಡಿನ ಪ್ರಮುಖ ಕ್ಲಬ್ಬುಗಳು ಕಂಪನಿಗಳಾಗಿ ನೋಂದಾಯಿತವಾಗಿರುವುದರಿಂದ ಅವುಗಳ ವಾರ್ಷಿಕ ಲೆಕ್ಕಪತ್ರಗಳು ಸಾರ್ವಜನಿಕರಿಗೆ ಲಭ್ಯ. ಇತ್ತ ಪ್ರತಿ ವರ್ಷದ ಅಂಕಪಟ್ಟಿಯು ಫಲಿತಾಂಶವನ್ನು ತೋರಿಸುತ್ತದೆ. ಒಂದು ಕೈಯಲ್ಲಿ ಖರ್ಚು, ಇನ್ನೊಂದು ಕೈಯಲ್ಲಿ ಫಲ. ಇಂಥ ಅನುಕೂಲ ಬೇರೆ ಯಾವ ಧಂದೆಯಲ್ಲೂ ಸುಲಭವಾಗಿ ದೊರೆಯದು.

ಅರ್ಥಶಾಸ್ತ್ರಜ್ಞ ಸ್ಟೀಫನ್ ಝಿಮಾನ್‌ಸ್ಕಿ ಅವರು 1978ರಿಂದ 1997ರವರೆಗಿನ 40 ಇಂಗ್ಲಿಷ್ ಕ್ಲಬ್ಬುಗಳ ಲೆಕ್ಕವನ್ನು ಪರಿಶೀಲಿಸಿದರು. ಆಟಗಾರರನ್ನು ಬೇರೆ ಕ್ಲಬ್ಬುಗಳಿಂದ ಕೊಳ್ಳಲು ಸುರಿದ ಹಣವು ಅಂಕಪಟ್ಟಿಯ ಸ್ಥಾನಗಳ ನಡುವಿನ ವ್ಯತ್ಯಾಸದಲ್ಲಿ ಕೇವಲ ಶೇಕಡಾ 16ರಷ್ಟನ್ನು ಮಾತ್ರ ವಿವರಿಸಿತು. ಸಂಬಳದ ಬಾಬ್ತು ವಿವರಿಸಿದ್ದು ಶೇಕಡಾ 92ರಷ್ಟನ್ನು. ಅಂದರೆ ಹಣಕ್ಕೆ ಬೆಲೆಯಿದೆ, ಆದರೆ ಎಲ್ಲ ಹಣಕ್ಕೂ ಒಂದೇ ಬೆಲೆಯಿಲ್ಲ. ಖರೀದಿಯ ಬೆಲೆ ಮಾರುವವನ ಚೌಕಾಸಿಗೂ ಕೊಳ್ಳುವವನ ಆತುರಕ್ಕೂ ಒಳಪಟ್ಟದ್ದು. ಸಂಬಳವಾದರೋ ಆಟಗಾರನ ನಿಜವಾದ ಮಾರುಕಟ್ಟೆ ಮೌಲ್ಯಕ್ಕೆ ಹತ್ತಿರವಾದದ್ದು, ಏಕೆಂದರೆ ಕಡಿಮೆ ಕೊಟ್ಟರೆ ಆತ ಕರಾರು ಮುಗಿದೊಡನೆ ಹೊರಟುಹೋಗುತ್ತಾನೆ. ಗೆದ್ದ ಕ್ಲಬ್ಬಿಗೆ ಆದಾಯ ಹೆಚ್ಚಿ ಅದರಿಂದಲೇ ಸಂಬಳವೂ ಹೆಚ್ಚುತ್ತದೆ ಎಂಬ ಆಕ್ಷೇಪವೂ ಸರಿಯೇ. ಕಾರಣ ಯಾವುದು, ಕಾರ್ಯ ಯಾವುದು ಎಂಬುದನ್ನು ಈ ಅಂಕಿಗಳು ಪೂರ್ತಿಯಾಗಿ ಬಿಡಿಸಿ ಹೇಳುವುದಿಲ್ಲ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಒಂದು ಸ್ವಾರಸ್ಯವಿದೆ. ಆಟಗಾರನ ಖರೀದಿ ಬೆಲೆಯನ್ನು ಆ ವರ್ಷದ ಖರ್ಚಾಗಿ ತೋರಿಸುವುದಿಲ್ಲ. ಅದನ್ನು ಅಢಾವೆ ಪತ್ರಿಕೆಯಲ್ಲಿ ಅಗೋಚರ ಆಸ್ತಿಯೆಂದು ದಾಖಲಿಸಿ, ಕರಾರಿನ ಅವಧಿಗೆ ಸಮನಾಗಿ ಹಂಚಿ ವರ್ಷ ವರ್ಷವೂ ಕಳೆಯುತ್ತಾರೆ. ಯಂತ್ರದ ಸವಕಳಿಯಂತೆಯೇ ಇದು. ಚೆಲ್ಸಿ ಕ್ಲಬ್ಬಿನ ಹೊಸ ಮಾಲೀಕರು 2022–23ರಲ್ಲಿ ಈ ಕಟ್ಟಳೆಯನ್ನು ಚಾಣಾಕ್ಷತನದಿಂದ ಬಳಸಿಕೊಂಡರು. ಎಂಟು ವರ್ಷಕ್ಕೂ ಮೀರಿದ ಕರಾರುಗಳನ್ನು ಬರೆಸಿ, ವಾರ್ಷಿಕ ಹೊರೆಯನ್ನು ತೆಳುವಾಗಿಸಿ, ಒಂದೇ ಋತುವಿನಲ್ಲಿ ಸುಮಾರು 60 ಕೋಟಿ ಯೂರೋಗಳಷ್ಟು, ಅಂದರೆ ಐದು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ಖರೀದಿ ಮಾಡಿದರು. ಅದೇ ಋತುವಿನಲ್ಲಿ ಟುಖೆಲ್ ಹೋಗಿ ಪಾಟರ್ ಬಂದರು, ಪಾಟರ್ ಹೋಗಿ ಲ್ಯಾಂಪಾರ್ಡ್ ಬಂದರು. ತಂಡ ತಲುಪಿದ್ದು 12ನೆಯ ಸ್ಥಾನವನ್ನು. ಯುರೋಪಿನ ಫುಟ್‌ಬಾಲ್ ಒಕ್ಕೂಟವು 2023ರಲ್ಲಿ ಹೀಗೆ ಹಂಚುವ ಅವಧಿಯನ್ನು ಐದು ವರ್ಷಕ್ಕೆ ಮಿತಿಗೊಳಿಸಿತು. ಇಷ್ಟಾದರೂ ಚೆಲ್ಸಿ 2025ರಲ್ಲಿ ಕ್ಲಬ್ ವಿಶ್ವಕಪ್ಪನ್ನು ಗೆದ್ದಿತೆಂಬುದನ್ನು ಮರೆಯಬಾರದು. ಆಳವಾದ ಜೇಬಿದ್ದವರಿಗೆ ತಪ್ಪನ್ನು ತಿದ್ದಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ. ಸಣ್ಣ ಬಂಡವಾಳದವರಿಗೆ ಆ ಸೌಕರ್ಯವಿಲ್ಲ.

ಬೆಂಗಳೂರಿನ ಉದಾಹರಣೆ

ನಮ್ಮ ರಾಜ್ಯದಲ್ಲೇ ಅಧ್ಯಯನಕ್ಕೆ ಯೋಗ್ಯವಾದ ಸಂಸ್ಥೆಯೊಂದಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಉತ್ತರ ಕರ್ನಾಟಕಕ್ಕೆ ಚಿರಪರಿಚಿತವಾದ ಜೆಎಸ್‌ಡಬ್ಲ್ಯೂ ಸಮೂಹವು 2013ರಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ಬನ್ನು ಸ್ಥಾಪಿಸಿತು. ಅದಕ್ಕೂ ಮುನ್ನ ರಾಜ್ಯದ ಫುಟ್‌ಬಾಲ್ ಬಹುಮಟ್ಟಿಗೆ ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ಯಮಗಳ ಆಶ್ರಯದಲ್ಲಿತ್ತು. ಎಚ್‌ಎಎಲ್ ತಂಡವು ರಾಷ್ಟ್ರೀಯ ಐ-ಲೀಗ್‌ನಲ್ಲಿ ಆಡಿ 2012ರಲ್ಲಿ ಕೆಳದರ್ಜೆಗೆ ಇಳಿದಿತ್ತು.

ಹೊಸ ಕ್ಲಬ್ಬು ಮೊದಲ ಋತುವಿನಲ್ಲೇ, 2013–14ರಲ್ಲಿ, ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2015ರಲ್ಲಿ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ-ಲೀಗ್, 2016ರ ನವೆಂಬರಿನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ. ಆ ಹಂತಕ್ಕೇರಿದ ಮೊದಲ ಭಾರತೀಯ ಕ್ಲಬ್ಬು ಅದೇ. ಇರಾಕಿನ ಏರ್‌ಫೋರ್ಸ್ ಕ್ಲಬ್ಬಿನೆದುರು ಒಂದು ಗೋಲಿನಿಂದ ಸೋತಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು.

ಹಣವಂತರ ಬೆಂಬಲವಿದ್ದ ಕ್ಲಬ್ಬು ಗೆದ್ದಿತು, ಇದರಲ್ಲೇನು ವಿಶೇಷ ಎಂದು ಕೇಳಬಹುದು. ಆದರೆ ಹಣವಂತರ ಬೆಂಬಲ ಭಾರತೀಯ ಫುಟ್‌ಬಾಲಿಗೆ ಹೊಸದಾಗಿರಲಿಲ್ಲ. ಕೋಲ್ಕತ್ತದ ದೊಡ್ಡ ಕ್ಲಬ್ಬುಗಳಿಗೂ ಅದಿತ್ತು. ಬೆಂಗಳೂರಿನಲ್ಲಿ ಬೇರೆಯಾಗಿದ್ದದ್ದು ನಿರ್ವಹಣೆಯ ಸ್ಥಿರತೆ. ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಅವರಿಗೆ ಮೂರು ವರ್ಷಗಳ ಕಾಲಾವಕಾಶ ದೊರೆಯಿತು. ಆಹಾರ, ವ್ಯಾಯಾಮ, ವಿಶ್ರಾಂತಿಗಳೆಲ್ಲ ಅವರ ಕಾಲದಲ್ಲಿ ಶಿಸ್ತಿಗೊಳಪಟ್ಟವು. 2016ರಲ್ಲಿ ಬಂದ ಆಲ್ಬರ್ಟ್ ರೋಕಾ ಅವರ ನಂತರ, 2018ರಲ್ಲಿ ಅವರ ಸಹಾಯಕರೇ ಆಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ತರಬೇತುದಾರರಾದರು. ಅಂಗಡಿಯ ಹಳೆಯ ಮುನೀಮರಿಗೆ ಗಲ್ಲೆ ಒಪ್ಪಿಸಿದಂತೆ. ನಾಯಕ ಸುನಿಲ್ ಛೆಟ್ರಿ ಆರಂಭದಿಂದಲೂ ಜೊತೆಗಿದ್ದರು.

ಏಳೂವರೆ ವರ್ಷಕ್ಕೆ ಮೂವರು ಮುಖ್ಯ ತರಬೇತುದಾರರು. 2021ರ ಜನವರಿಯಲ್ಲಿ ಕ್ವಾದ್ರಾತ್ ನಿರ್ಗಮಿಸಿದ ಬಳಿಕ, 2023ರ ಕೊನೆಯೊಳಗೇ ಇನ್ನೂ ಮೂವರು ಆ ಕುರ್ಚಿಯಲ್ಲಿ ಕುಳಿತರು. ಮಾಲೀಕರು ಅವರೇ, ತಿಜೋರಿಯೂ ಅದೇ. 2022ರ ಡ್ಯುರಾಂಡ್ ಕಪ್ ಬಂತಾದರೂ 2023–24ರ ಲೀಗಿನಲ್ಲಿ ತಂಡ 12 ತಂಡಗಳ ಪೈಕಿ 10ನೆಯದಾಯಿತು. ಹೋಲಿಕೆಗೆ ಇದಕ್ಕಿಂತ ಸ್ಪಷ್ಟವಾದ ಜೋಡಿ ಸಿಗುವುದು ಕಷ್ಟ.

ಇನ್ನು ಹಣವಿಲ್ಲದೆ ಗೆದ್ದವರ ಕಥೆ. 2016–17ರ ಐ-ಲೀಗ್ ಪ್ರಶಸ್ತಿ ಮಿಜೋರಾಮಿನ ಐಜಾಲ್ ಎಫ್‌ಸಿ ಪಾಲಾಯಿತು. ಹಿಂದಿನ ವರ್ಷ ಕೆಳದರ್ಜೆಗೆ ಇಳಿದು, ಮರುಪ್ರವೇಶ ಪಡೆದ ಸಣ್ಣ ಆಯವ್ಯಯದ ಕ್ಲಬ್ಬು ಅದು. ತರಬೇತುದಾರ ಖಾಲಿದ್ ಜಮೀಲ್ ಅದರ ಹಿಂದಷ್ಟೇ ಮುಂಬೈನ ಕ್ಲಬ್ಬೊಂದರಿಂದ ಹೊರಬಂದವರು. ಶ್ರೀಮಂತ ಬೆಂಗಳೂರು ಆ ವರ್ಷ ನಾಲ್ಕನೆಯದು. ಆದರೆ ಮುಂದಿನ ಋತು ಆರಂಭವಾಗುವ ಮೊದಲೇ ಜಮೀಲ್ ಅವರನ್ನು ಕೋಲ್ಕತ್ತದ ಈಸ್ಟ್ ಬೆಂಗಾಲ್ ಕರೆದುಕೊಂಡಿತು. ಒಳ್ಳೆಯ ನಿರ್ವಾಹಕನೂ ಸಂಬಳ ಪಡೆಯುವವನೇ, ಆತನಿಗೂ ಮಾರುಕಟ್ಟೆಯಲ್ಲಿ ದರವಿದೆ ಎಂಬ ಅಂಶವನ್ನು ನಿರ್ವಹಣೆಯ ಪಕ್ಷ ವಹಿಸುವವರು ಮರೆಯುತ್ತಾರೆ. 2015–16ರಲ್ಲಿ ಇಂಗ್ಲೆಂಡನ್ನು ಬೆರಗುಗೊಳಿಸಿದ ಲೆಸ್ಟರ್ ಸಿಟಿಯೂ 2023ರಲ್ಲಿ ಕೆಳದರ್ಜೆಗೆ ಇಳಿಯಿತು.

ಈ ಜಾಲದಿಂದ ಹೊರಬರಲು ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬು ಕಂಡುಕೊಂಡ ದಾರಿ ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವಂಥದು. ನಿರ್ವಹಣಾ ಜ್ಞಾನವನ್ನು ಒಬ್ಬ ವ್ಯಕ್ತಿಯ ತಲೆಯಲ್ಲಿಡದೆ ಪದ್ಧತಿಯಲ್ಲಿಡುವುದು. ಅಂಕಿಅಂಶಗಳ ಆಧಾರದಿಂದ, ಇತರರ ಕಣ್ಣಿಗೆ ಬೀಳದ ಆಟಗಾರರನ್ನು ಅದು ಹುಡುಕುತ್ತದೆ. 2021ರಲ್ಲಿ ಈಕ್ವೆಡಾರ್‌ನಿಂದ ಸುಮಾರು 45 ಲಕ್ಷ ಪೌಂಡಿಗೆ ತಂದ ಮೊಯ್ಸೆಸ್ ಕೈಸೆಡೋನನ್ನು 2023ರಲ್ಲಿ ಅದೇ ಚೆಲ್ಸಿಗೆ 10 ಕೋಟಿ ಪೌಂಡಿಗೂ ಮಿಗಿಲಾದ ಬೆಲೆಗೆ ಮಾರಿತು. ತರಬೇತುದಾರರು ಬದಲಾದರೂ ಹುಡುಕುವ ವಿಭಾಗ ಉಳಿಯಿತು.

ಆದಾಯದ ಮೂಲ

ಭಾರತದ ಕ್ಲಬ್ಬುಗಳಿಗೆ ಇನ್ನೊಂದು ತೊಡಕಿದೆ. ಟಿಕೆಟ್ಟು, ಪ್ರಸಾರದ ಹಕ್ಕುಗಳಿಂದ ಬರುವ ವರಮಾನ ಸಂಬಳದ ಬಾಬ್ತಿಗೂ ಸಾಲದು, ಕೊರತೆಯನ್ನು ಮಾಲೀಕರು ತುಂಬಿಕೊಡಬೇಕು. ಮಾಲೀಕರ ಮನಸ್ಸು ಬದಲಾದ ದಿನ ಕ್ಲಬ್ಬೂ ಇಲ್ಲ. ರಾಷ್ಟ್ರೀಯ ಲೀಗಿನ ಮೊದಲ ಚಾಂಪಿಯನ್ ಜೆಸಿಟಿ 2011ರಲ್ಲಿ, 2005–06ರ ಚಾಂಪಿಯನ್ ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಮುಚ್ಚಿದ್ದು ಸೋಲಿನಿಂದಲ್ಲ.

2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ದರ್ಜೆಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕೆಲವೇ ತಿಂಗಳ ಹಿಂದೆ ಆ ತಂಡ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಆಡಿತ್ತು. ಕಾರಣ ಮೈದಾನದಲ್ಲಿರಲಿಲ್ಲ, ಕ್ಲಬ್ಬಿನ ಕಚೇರಿಯಲ್ಲೂ ಇರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರಿನಲ್ಲಿ ವಾಣಿಜ್ಯ ಹಕ್ಕುಗಳನ್ನು 700 ಕೋಟಿ ರೂಪಾಯಿಗೆ 15 ವರ್ಷಗಳ ಅವಧಿಗೆ ವಹಿಸಿಕೊಟ್ಟಿತ್ತು. ಅದರ ನವೀಕರಣವಾಗದೆ ಲೀಗೇ ನಿಂತುಹೋಯಿತು. ಆ ಕರಾರು ಯಾವ ತಿಂಗಳಲ್ಲಿ ಮುಗಿಯುತ್ತದೆಂಬುದು ಸಹಿ ಬಿದ್ದ ದಿನದಿಂದಲೇ ಕಾಗದದ ಮೇಲಿತ್ತು.