ಬೆಳ್ಳಿ ಹೂಬಳ್ಳಿಯ ಈ ತುಕ್ಕು ಕಡಿವಾಣ ಕುದುರೆಗೆ ಚಿತ್ರಹಿಂಸೆಯೇ?

'ಬೆಲೆ ಏರಿಕೆಗೆ ಕಡಿವಾಣ' ಎಂಬ ತಲೆಬರಹವನ್ನು ನಾವೆಲ್ಲ ಎಷ್ಟೋ ಸಲ ಓದಿದ್ದೇವೆ. ಆದರೆ ನಿಜವಾದ ಕಡಿವಾಣವನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಕಡಿಮೆ. ಹಾಗಾಗಿಯೇ ಅಮೆರಿಕದ ಕೌಬಾಯ್ ಕಡಿವಾಣದ ಚಿತ್ರವೊಂದು ವಾಟ್ಸಾಪ್ ಗುಂಪಿಗೆ ಬಂದರೆ ಬೆಚ್ಚಿಬೀಳುವುದು ಸಹಜ. ಎರಡು ಪಕ್ಕದಲ್ಲೂ ಬಾಗಿದ ಕಬ್ಬಿಣದ ತೋಳುಗಳು, ಮೈತುಂಬ ಕಂದು ತುಕ್ಕು, ಅದರ ಮೇಲೆ ಹೊಳೆಯುವ ಬೆಳ್ಳಿಯ ಹೂಬಳ್ಳಿ. ನಡುವೆ ಬೆರಳುದ್ದದ, ಸೌಟಿನಂಥ ಒಂದು ಕಬ್ಬಿಣದ ನಾಲಿಗೆ. ಕೆಳಗೆ ಒಕ್ಕಣೆ ಹೀಗಿರುತ್ತದೆ: ಇದು ಕುದುರೆಯ ಅಂಗುಳ ಸೀಳುವ ಆಯುಧ, ತುಕ್ಕಿನಿಂದ ಧನುರ್ವಾಯು ಬರುತ್ತದೆ, ಕ್ರೌರ್ಯ ಮುಚ್ಚಲು ಬೆಳ್ಳಿ ಹಾಕಿದ್ದಾರೆ, ಎಲ್ಲರಿಗೂ ಕಳಿಸಿ.

ಕಳಿಸುವ ಮುನ್ನ ಒಂದೊಂದಾಗಿ ನೋಡೋಣ.

ಮೊದಲು ತುಕ್ಕು. ಅದನ್ನು ಬೇಕೆಂದೇ ಬರಿಸಿರುತ್ತಾರೆ. ಇಂಥ ಕಡಿವಾಣ ಮಾಡುವವರು ಬಾಯೊಳಗೆ ಹೋಗುವ ಕಂಬಿಗೆ ಸಾದಾ ಮೆದು ಉಕ್ಕನ್ನು ಬಳಸುತ್ತಾರೆ. ಈ ಕಸುಬಿನಲ್ಲಿ ಅದಕ್ಕೆ 'ಸ್ವೀಟ್ ಐರನ್' ಎನ್ನುತ್ತಾರೆ. ಹೆಸರು ಕೇಳಿ ಸಕ್ಕರೆ ಬೆರೆಸಿದ್ದಾರೆ ಅಂದುಕೊಳ್ಳಬೇಡಿ! ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುವುದರಿಂದ ಅದು ತುಕ್ಕು ಹಿಡಿಯುವುದಿಲ್ಲ. ಸಾದಾ ಉಕ್ಕು ಜೊಲ್ಲು ತಾಗಿದರೆ ತೆಳ್ಳಗೆ ತುಕ್ಕಾಗುತ್ತದೆ. ಆ ರುಚಿಗೆ ಕುದುರೆಯ ಬಾಯಲ್ಲಿ ನೀರೂರುತ್ತದೆ, ಬಾಯಿ ಒಣಗುವುದಿಲ್ಲ ಎಂಬುದು ಸವಾರರ ಅನುಭವದ ಮಾತು. ಇದೇ ಕಾರಣಕ್ಕೆ ಕಂಬಿಗೆ ತಾಮ್ರದ ತಂತಿ ಸುತ್ತುವುದೂ ಉಂಟು. ಕೆಲವದರಲ್ಲಿ ತಾಮ್ರದ ಪುಟ್ಟ ಗಾಲಿಯೂ ಇರುತ್ತದೆ. ಕುದುರೆ ಅದನ್ನು ನಾಲಿಗೆಯಿಂದ ಉರುಳಿಸಿದಾಗ ಕಿರ್‌ಕಿರ್ ಸದ್ದು ಬರುವುದರಿಂದ ಅದರ ಹೆಸರು 'ಕ್ರಿಕೆಟ್'. ಆಟವಲ್ಲ, ರಾತ್ರಿ ಕಿರುಗುಟ್ಟುವ ಹುಳು.

ಧನುರ್ವಾಯು ತರುವುದು ಒಂದು ಬ್ಯಾಕ್ಟೀರಿಯಾ. ಅದು ಮಣ್ಣಿನಲ್ಲಿ, ಪ್ರಾಣಿಗಳ ಸಗಣಿ ಲದ್ದಿಯಲ್ಲಿ ಇರುತ್ತದೆ, ತುಕ್ಕಿನಿಂದ ಹುಟ್ಟುವುದಲ್ಲ. ತುಕ್ಕು ಮೊಳೆಗೆ ಕೆಟ್ಟ ಹೆಸರು ಬಂದದ್ದು ಅದು ಮಣ್ಣಿನಲ್ಲಿ ಬಿದ್ದಿರುತ್ತದೆ ಮತ್ತು ಆಳವಾಗಿ ಚುಚ್ಚುತ್ತದೆ ಎಂಬ ಕಾರಣಕ್ಕೆ. ಈ ರೋಗ ಬಹು ಸುಲಭವಾಗಿ ತಗಲುವ ಪ್ರಾಣಿಗಳಲ್ಲಿ ಕುದುರೆಯೂ ಒಂದು, ಆದ್ದರಿಂದ ಅದಕ್ಕೆ ಲಸಿಕೆ ಹಾಕಿಸುತ್ತಾರೆ. ಹಾಗೆಂದು ಎಲ್ಲ ತುಕ್ಕೂ ನಿರಪಾಯವಲ್ಲ. ಹೊಪ್ಪಳೆ ಏಳುವ, ಗುಳಿಬಿದ್ದು ಒರಟಾದ ಕಂಬಿ ಬಾಯಿಯನ್ನು ತರಚುತ್ತದೆ. ಅಂಥದ್ದನ್ನು ಎಸೆಯುವುದೇ ಸರಿ.

ಇನ್ನು ಬೆಳ್ಳಿ. ಅದು ಬಾಯೊಳಗೆ ಹೋಗುವುದೇ ಇಲ್ಲ. ಅಲಂಕಾರವೆಲ್ಲ ಕೆನ್ನೆಯ ಹೊರಗೆ ಕಾಣುವ ತೋಳುಗಳ ಮೇಲೆ. ಅದನ್ನು ಕೂರಿಸುವ ಬಗೆಯನ್ನು ನಮ್ಮ ಓದುಗರಿಗೆ ವಿವರಿಸುವುದು ಸುಲಭ, ಏಕೆಂದರೆ ಬೀದರಿನಲ್ಲಿ ಇದರ ಬಂಧುವೇ ಇದೆ. ಬಿದ್ರಿ ಕಲೆಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರು ತೆಗೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಬಳಿಕ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಮೆರಿಕದ ಕಡಿವಾಣ ಕುಶಲಕರ್ಮಿಯ ಜಾಣತನವೂ ಇಂಥದ್ದೇ. ಉಕ್ಕಿನಲ್ಲಿ ಅವನು ಕೊರೆಯುವ ಕಾಲುವೆ ಮೇಲೆ ಕಿರಿದು, ತಳದಲ್ಲಿ ಅಗಲ. ಕಾಯಿಸಿ ಮೆದುಮಾಡಿದ ಬೆಳ್ಳಿಯನ್ನು ಅದರಲ್ಲಿಟ್ಟು ಸುತ್ತಿಗೆಯಿಂದ ಬಡಿದಾಗ ಅದು ತಳಕ್ಕೆ ಹರಡಿ ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಬೆಸುಗೆ ಬೇಡ. ಅರದಿಂದ ಸಮ ಮಾಡಿ, ಮೇಲೆ ಹೂಬಳ್ಳಿ ಕೆತ್ತಿ, ಕೊನೆಗೆ ಉಪ್ಪುನೀರು ಅಥವಾ ಸೌಮ್ಯ ಆಮ್ಲ ಹಚ್ಚಿ ಉಕ್ಕಿಗೆ ತುಕ್ಕು ಬರಿಸುತ್ತಾರೆ. ಹದವಾದ ಕಂದು ಬಣ್ಣ ಬಂದಾಗ ಎಣ್ಣೆ ಹಚ್ಚಿ ನಿಲ್ಲಿಸುತ್ತಾರೆ. ತುಕ್ಕು ಹಿಡಿಯುವುದು ಕಬ್ಬಿಣ ಮಾತ್ರ. ಬೆಳ್ಳಿಗೆ ಅದರ ಹಂಗಿಲ್ಲ. ಹಾಗಾಗಿ ಕಂದು ನೆಲದ ಮೇಲೆ ಬೆಳ್ಳಿ ಎದ್ದು ಕಾಣುತ್ತದೆ.

ಬೆಳ್ಳಿಯ ತಗಡನ್ನು ಮೇಲಿಟ್ಟು ಬೆಸೆಯುವ ಇನ್ನೊಂದು ವಿಧಾನವೂ ಇದೆ. ಅಗ್ಗದವುಗಳಲ್ಲಿ ಬೆಳ್ಳಿಯೇ ಇರುವುದಿಲ್ಲ, ಜರ್ಮನ್ ಸಿಲ್ವರ್ ಇರುತ್ತದೆ. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬರುವ ಕುಂಕುಮದ ಬಟ್ಟಲಿನದೇ ಲೋಹ: ತಾಮ್ರ, ನಿಕಲ್, ಸತು. ಬೆಳ್ಳಿ ಸೊನ್ನೆ. ಈ ಕಲೆಯನ್ನು ಉಳಿಸಲೆಂದೇ 1998ರಲ್ಲಿ ಅಲ್ಲಿನ ಕುಶಲಕರ್ಮಿಗಳು ಟ್ರೆಡಿಷನಲ್ ಕೌಬಾಯ್ ಆರ್ಟ್ಸ್ ಅಸೋಸಿಯೇಷನ್ ಕಟ್ಟಿಕೊಂಡರು. ಜೀನು, ಬೆಳ್ಳಿ ಕೆಲಸ, ಹಸಿದೊಗಲಿನ ಹೆಣಿಗೆ ಇವುಗಳ ಜೊತೆಗೆ ಕಡಿವಾಣವೂ ಅವರ ಪಟ್ಟಿಯಲ್ಲಿದೆ.

ಈಗ ಆ ಸೌಟು. ಸಂದೇಶದಲ್ಲಿ ಸ್ವಲ್ಪ ಸತ್ಯ ಇರುವುದು ಇಲ್ಲಿಯೇ. ಇದರ ಹೆಸರು ಸ್ಪೇಡ್ ಕಡಿವಾಣ. ಸ್ಪೇನಿನಿಂದ ಮೆಕ್ಸಿಕೊಗೆ, ಅಲ್ಲಿಂದ ಕ್ಯಾಲಿಫೋರ್ನಿಯಾದ ವಕೇರೋ ಎಂಬ ದನಗಾಹಿ ಸವಾರರ ಕೈಗೆ ಬಂದದ್ದು. ಕುದುರೆಯ ಬಾಯಲ್ಲಿ ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಎಲ್ಲ ಕಡಿವಾಣದ ಕಂಬಿಯೂ ಕೂರುವುದು ಅಲ್ಲಿ. ಅಲ್ಲಿನ ಎಲುಬಿನ ಮೇಲೆ ಒಸಡಿನ ತೆಳು ಪದರ ಮಾತ್ರ ಇದೆ. ಪಕ್ಕದ ತೋಳುಗಳು ಹಾರೆಯಂತೆ ಮೀಟುತ್ತವೆ. ಕಂಬಿಯಿಂದ ಮೇಲಕ್ಕೆ 2 ಅಂಗುಲ, ಕೆಳಕ್ಕೆ 6 ಅಂಗುಲ ಇದ್ದರೆ ಲಗಾಮಿನ 1 ಕಿಲೋ ಎಳೆತ ಗದ್ದದ ಕೆಳಗಿನ ಪಟ್ಟಿಯಲ್ಲಿ 3 ಕಿಲೋ ಆಗುತ್ತದೆ. ಜೊತೆಗೆ ಸೌಟು ಮೇಲೆದ್ದು ಅಂಗುಳಿಗೆ ತಾಗುತ್ತದೆ. ಜಗ್ಗಿ ಎಳೆದರೆ ಗಾಯ ಖಂಡಿತ.

ಆದರೆ ಇದನ್ನು ಮಾಡಿದ್ದು ಜಗ್ಗುವುದಕ್ಕಲ್ಲ. ತೂಕ ಸರಿಯಾಗಿ ಹಂಚಿದ ಕಡಿವಾಣದಲ್ಲಿ ಸೌಟು ನಾಲಿಗೆಯ ಮೇಲೆ ಮಲಗಿರುತ್ತದೆ. ಲಗಾಮು ಸಡಿಲವಾಗಿ ಜೋಲುತ್ತಿರುತ್ತದೆ. ಸವಾರ ಬೆರಳು ಆಡಿಸಿದರೆ ಆ ಅಲುಗಾಟವೇ ಸೂಚನೆ. ಅದನ್ನು ತಿಳಿಯಲು ಕುದುರೆಗೆ ವರ್ಷಗಟ್ಟಲೆ ತರಬೇತಿ ಬೇಕು. ಮೊದಲು ಬಾಯಿಗೆ ಏನೂ ಹಾಕದೆ ಮೂಗಿನ ಮೇಲೆ ಹಸಿದೊಗಲಿನ ಪಟ್ಟಿ ಮಾತ್ರ. ನಂತರ ಪಟ್ಟಿ ಮತ್ತು ಕಡಿವಾಣ ಎರಡೂ. ಕಟ್ಟಕಡೆಗೆ ಕಡಿವಾಣವೊಂದೇ. ತರಬೇತಿ ಇಲ್ಲದ ಕುದುರೆಗೆ, ಹೊಸ ಸವಾರನ ಕೈಗೆ ಇದನ್ನು ಕೊಡುವುದು ತಪ್ಪು, ಅದರಲ್ಲಿ ನಮಗೆ ಅನುಮಾನವಿಲ್ಲ.

ನೋಡಲು ಸಾಧುವಾದ ಕಡಿವಾಣವೂ ಗಾಯ ಮಾಡದೆ ಇರುವುದಿಲ್ಲ. ಫಿನ್ಲೆಂಡಿನಲ್ಲಿ ಓಟ ಮುಗಿಸಿದ ಪಂದ್ಯದ ಕುದುರೆಗಳ ಬಾಯಿಯನ್ನು ಸಂಶೋಧಕರು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಹುಪಾಲು ಕುದುರೆಗಳ ಬಾಯಲ್ಲಿ ಹೊಸ ಗಾಯಗಳಿದ್ದವು. ಅಲ್ಲಿ ಕೌಬಾಯ್ ಸೌಟು ಇರಲಿಲ್ಲ.

ಹಾಗಾದರೆ ಚಿತ್ರಹಿಂಸೆಯ ಕಡಿವಾಣ ಎನ್ನುವುದು ಇಲ್ಲವೇ? ಇದೆ, ನಮ್ಮ ದೇಶದಲ್ಲೇ ಇದೆ. ಕಂಬಿಗೆ ಮೊಳೆಯಂಥ ಮುಳ್ಳುಗಳಿರುವ ಕಡಿವಾಣವದು. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮಗಳ 8ನೇ ನಿಯಮ ಅದನ್ನು ನಿಷೇಧಿಸಿದೆ. ಅದರಲ್ಲಿ ಬೆಳ್ಳಿ ಹೂಬಳ್ಳಿ ಇರುವುದಿಲ್ಲ, ಫೋಟೊ ತೆಗೆದು ಹಂಚುವಷ್ಟು ಚೆಂದವೂ ಅಲ್ಲ. ಬಾಯೊಳಗೆ ಇರುವುದರಿಂದ ಹೊರಗಿನವರಿಗೆ ಕಾಣುವುದೂ ಕಷ್ಟ. ಜೊಲ್ಲಿನಲ್ಲಿ ರಕ್ತ, ತುಟಿಯ ಮೂಲೆಯಲ್ಲಿ ಹುಣ್ಣು ಕಂಡರೆ ಅನುಮಾನಪಡಬಹುದು. ನಿಮ್ಮೂರ ಮೆರವಣಿಗೆಯಲ್ಲೋ ಜಟಕಾ ನಿಲ್ದಾಣದಲ್ಲೋ ಅಂಥ ಕುದುರೆ ಕಂಡರೆ ಫೋಟೊ ತೆಗೆದು, ಜಾಗ ಮತ್ತು ಸಮಯ ಬರೆದು ಪೊಲೀಸರಿಗೋ ಜಿಲ್ಲೆಯ ಪ್ರಾಣಿ ದಯಾ ಸಂಘಕ್ಕೋ ಕಳಿಸಿ.